ಚಿಕ್ಕಮ್ಮನ ಪೆನ್ನಿನ ಸದ್ದು

ಆ ಭಾನುವಾರ ಬೆಳಿಗ್ಗೆ ಮೂಡುಬಿದಿರೆಯ ಮೆಸ್ಸಿನ ಅಡುಗೆಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಒಲೆಯ ಪಕ್ಕದ ಮಣೆಯ ಮೇಲೆ ಚಿಕ್ಕಮ್ಮ, ಅಂದರೆ ನನ್ನ ಅಮ್ಮನ ತಂಗಿ, ಆ ಮೆಸ್ಸಿನ ಒಡತಿ. ಬಾಗಿಲಿಗೆ ಒರಗಿಕೊಂಡು ಅವರ ಒಬ್ಬಳೇ ಮಗಳು. ಉಜಿರೆಯಿಂದ ಮೊದಲ ಬಸ್ಸಿಗೆ ಬಂದವಳು ಹೆಗಲ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಹುಡುಗರು ಊಟಕ್ಕೆ ಕೂರುವ ಬೆಂಚೊಂದನ್ನು ಒಳಗೆ ಎಳೆದು ತಂದು ಅದರ ಮೇಲೆ ನನ್ನ ಅಣ್ಣ ಕುಳಿತಿದ್ದ. ಅವನು ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ಸ್ಕೂಟರಿನಲ್ಲಿ ಬಂದವನು. ಅಂಗಿಯ ಕಿಸೆಯಿಂದ ಮೆಡಿಕಲ್ ಶಾಪಿನ ಲಕೋಟೆಯೊಂದು ಇಣುಕುತ್ತಿತ್ತು. ನಾಲ್ಕನೆಯವಳು ನಾನು. ನನಗೆ ಕುಳಿತರೆ ಏಳಬೇಕು, ಎದ್ದರೆ ಅಂಗಳಕ್ಕೆ ಹೋಗಬೇಕು, ಅಂಗಳಕ್ಕೆ ಹೋದರೆ ಒಳಗೆ ಏನು ಮಾತಾಗುತ್ತಿದೆಯೋ ಎಂದು ಓಡಿ ಬರಬೇಕು ಅನ್ನಿಸುತ್ತಿತ್ತು. ಮೇ ತಿಂಗಳ ಸೆಕೆ ಬೇರೆ. ಕರೆಂಟು ಹೋಗಿ ಫ್ಯಾನು ನಿಂತಿತ್ತು.

ಸೇರಿದ್ದ ಕಾರಣ ಇಷ್ಟೇ: ಜೂನಿನಲ್ಲಿ ಕಾಲೇಜು ತೆರೆದಾಗ ಮೆಸ್ಸನ್ನೂ ತೆರೆಯುವುದೋ, ಅಥವಾ ಅದಕ್ಕೆ ಬೀಗ ಹಾಕಿ ಚಿಕ್ಕಮ್ಮನನ್ನು ಬಂಟ್ವಾಳಕ್ಕೆ ಅಣ್ಣನ ಮನೆಗೆ ಕರೆದುಕೊಂಡು ಹೋಗುವುದೋ. ಅಣ್ಣ ಮನಸ್ಸಿನಲ್ಲೇ ಬೀಗ ಹಾಕಿಯಾಗಿತ್ತು. ಮಗಳೂ ಸುಮಾರಾಗಿ ಹಾಕಿದ್ದಳು. ನಾನು ಎರಡೂ ಕಡೆ ಕಾಲಿಟ್ಟು ನಿಂತಿದ್ದೆ. ಚಿಕ್ಕಮ್ಮ ಮಾತ್ರ ದೋಸೆಯ ಹಿಟ್ಟು ಕಲಕುತ್ತಿದ್ದರು.

"ನಾಲ್ಕು ಜನರಿಗೆ ಎಷ್ಟು ಹೊಯ್ಯುವುದು?" ಅಂತ ಕೇಳಿದರು. ಆಮೇಲೆ, "ಮಾತಾಡ್ಲಿಕ್ಕೆ ಬಂದವರು ಹಸಿವಿಲ್ಲದೆ ಬರುವುದಿಲ್ಲ," ಎಂದು ತಾವೇ ಲೆಕ್ಕ ಹಾಕಿಕೊಂಡರು. ನಾವು ಮನೆಯವರು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಈ ಮೆಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಬಾಡಿಗೆಗೆ ಕೊಟ್ಟಿದ್ದ ಎರಡು ಕೋಣೆಗಳನ್ನು ಬಿಡಿಸಿಕೊಂಡು ಅಲ್ಲಿ ಕಾಲೇಜಿನ ಹುಡುಗರಿಗೆ ಊಟ ಹಾಕಲು ಶುರು ಮಾಡಿದರು. ಮೂಡುಬಿದಿರೆಗೆ ಎಲ್ಲಿಂದೆಲ್ಲ ಹುಡುಗರು ಬರುತ್ತಾರೆ ಎಂದು ಹೇಳಬೇಕಾಗಿಲ್ಲ. ವಿಜಯಪುರದವರು, ರಾಯಚೂರಿನವರು, ಚಿತ್ರದುರ್ಗದವರು. ಮೊದಲ ವಾರ ಎಲ್ಲರದ್ದೂ ಕುಚ್ಚಲಕ್ಕಿಯ ಅನ್ನದ ಮೇಲೆ ಒಂದೇ ದೂರು.

"ಅಜ್ಜೀ, ಇದು ಅಕ್ಕಿಯೋ ಕಡಲೆಯೋ?"

"ತಿಂದು ಕಲಿ ಮಗಾ. ಪರೀಕ್ಷೆಗೆ ಬರ್ತದೆ."

ದೀಪಾವಳಿಯ ಹೊತ್ತಿಗೆ ಅದೇ ಹುಡುಗರು ಗಂಜಿಗೆ ಹುರುಳಿ ಚಟ್ನಿ ಸಾಲದು ಎಂದು ತಟ್ಟೆ ಬಡಿಯುತ್ತಿದ್ದರು. ಅಲ್ಲಿ ಚಿಕ್ಕಮ್ಮ ಯಾರಿಗೂ ಭಾರವಾಗದ, ಯಾರ ಮುಖವನ್ನೂ ನೋಡಬೇಕಾಗದ ಹೆಂಗಸಾಗಿ ಇದ್ದರು. ಬಂಟ್ವಾಳದಲ್ಲಿ ಅತ್ತಿಗೆ ಎಷ್ಟೇ ಒಳ್ಳೆಯವಳಾದರೂ, ಅದು ಅತ್ತಿಗೆಯ ಅಡುಗೆಮನೆ.

ಸಕ್ಕರೆ ಕಾಯಿಲೆ ಅವರಿಗೆ ಹಳೆಯದು. ಕೆಲವು ವರ್ಷಗಳಿಂದ ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಇನ್ಸುಲಿನ್. ಅದು ಪೆನ್ನಿನ ಹಾಗಿರುವ ಸಾಧನ, ಅದರ ಹೊಟ್ಟೆಯೊಳಗೆ ಮದ್ದಿನ ಗಾಜಿನ ಕೊಳವೆ, ತುದಿಯಲ್ಲಿ ಕೂದಲಿನಷ್ಟು ಸಪೂರದ ಸೂಜಿ. ಹಿಂಬದಿಯ ಗುಂಡಿಯನ್ನು ತಿರುಗಿಸಿದರೆ ಒಂದೊಂದು ಮೆಟ್ಟಿಲಿಗೂ 'ಟಿಕ್' ಎನ್ನುತ್ತದೆ, ತಿರುಗಿಸಿದಷ್ಟು ಗುಂಡಿ ಹೊರಗೆ ಎದ್ದು ನಿಲ್ಲುತ್ತದೆ. ಪಕ್ಕದ ಕಿಟಕಿಯಲ್ಲಿ ಅಂಕಿ ಕಾಣುತ್ತದೆ. ಸೂಜಿ ಚುಚ್ಚಿ ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಅದು ಮತ್ತೆ ಟಿಕ್ ಟಿಕ್ ಎನ್ನುತ್ತ ಇಳಿಯುತ್ತದೆ. ಕೊನೆಗೆ ತಳ ಮುಟ್ಟಿದ ಮೇಲೆ ಹತ್ತು ಎಣಿಸುವವರೆಗೆ ಕೈ ತೆಗೆಯಬಾರದು. ತೆಗೆದರೆ ಮದ್ದು ಹೊರಗೆ ಒಸರುತ್ತದೆ. ಇದನ್ನೆಲ್ಲ ಚಿಕ್ಕಮ್ಮ ಮೊದಲ ದಿನವೇ ಕಲಿತಿದ್ದರು.

ಕಣ್ಣು ಮಂಜಾಗುತ್ತ ಬಂದ ಮೇಲೆ ಕಿಟಕಿಯ ಅಂಕಿ ಕಾಣದಾಯಿತು. ಆಗ ಅವರು ಸದ್ದನ್ನು ಎಣಿಸತೊಡಗಿದರು. ಪೆಟ್ಟಿಗೆಯಲ್ಲಿ ಬಂದ ಕಾಗದವನ್ನು ಮಗಳು ಓದಿ ಹೇಳಿದಳು: ಸದ್ದು ಎಣಿಸಿ ಮದ್ದು ಅಳೆಯಬಾರದು, ಅಂಕಿಯನ್ನೇ ನೋಡಬೇಕು.

"ಕಾಗದ ಬರೆದವನಿಗೆ ಕಣ್ಣುಂಟು," ಅಂದರು ಚಿಕ್ಕಮ್ಮ. ಅಲ್ಲಿಗೆ ಕಾಗದದ ಕತೆ ಮುಗಿಯಿತು.

ಅವರು ಎಣಿಸುವ ಕ್ರಮ ಅಕ್ಕಿ ಅಳೆಯುವ ಕ್ರಮ. ನಮ್ಮಲ್ಲಿ ಹಿರಿಯರು ಸೇರಿನಲ್ಲಿ ಅಕ್ಕಿ ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಚಿಕ್ಕಮ್ಮ ಇನ್ಸುಲಿನ್ನಿಗೂ ಹಾಗೆಯೇ: ಲಾಭ, ಎರಡು, ಮೂರು, ನಾಲ್ಕು. ಇದನ್ನು ಕೇಳಿದ ಅಣ್ಣ ಒಮ್ಮೆ ತಮಾಷೆ ಮಾಡಿದ್ದ.

"ಮದ್ದಿನಲ್ಲಿ ಎಂಥ ಲಾಭ ಚಿಕ್ಕಮ್ಮ? ಅಂಗಡಿಯವನಿಗೆ ಮಾತ್ರ."

"ನಷ್ಟ ಅಂತ ಶುರು ಮಾಡ್ಲಾ ಹಾಗಾದ್ರೆ? ಸುಮ್ಮನೆ ಕೂತ್ಕೊ."

ಬೆಳಗ್ಗಿನ ಹೊತ್ತು ಗ್ರೈಂಡರಿನ ಗಡಗಡ. ಆ ಸದ್ದಿನಲ್ಲಿ ಪೆನ್ನಿನ ಟಿಕ್ ಎಲ್ಲಿ ಕೇಳಬೇಕು? ಅದಕ್ಕೂ ಅವರು ದಾರಿ ಹುಡುಕಿದ್ದರು. ಸೂಜಿಯ ಮುಚ್ಚಳ ತೆಗೆಯದೆಯೇ ಪೆನ್ನಿನ ಮೈಯನ್ನು ಕಿವಿಯ ಕೆಳಗಿನ ದವಡೆಯ ಎಲುಬಿಗೆ ಒತ್ತಿ ಹಿಡಿದು ಗುಂಡಿ ತಿರುಗಿಸುವುದು. ಹೊರಗಿನ ಗದ್ದಲ ಎಷ್ಟೇ ಇರಲಿ, ಟಿಕ್ ಎಲುಬಿನೊಳಗೆ ಹೊಕ್ಕು ಬರುತ್ತದೆ. ಹುಡುಗರಿಗೆ ಅಜ್ಜಿ ಫೋನಿನಲ್ಲಿ ಮಾತಾಡುತ್ತಿರುವ ಹಾಗೆ ಕಾಣುತ್ತಿತ್ತು.

"ಯಾರಿಗೆ ಫೋನು ಅಜ್ಜಿ?"

"ನಿನ್ನ ಅಪ್ಪನಿಗೆ. ನೀನು ಕ್ಲಾಸಿಗೆ ಹೋಗ್ತಿಯೋ ಇಲ್ವೋ ಹೇಳ್ಲಿಕ್ಕೆ."

ಹೀಗೆ ನಡೆದುಕೊಂಡು ಹೋಗುತ್ತಿದ್ದದ್ದು ಹಳೆಯ ಪೆನ್ನಿನ ಸ್ವರ ಕುಂದಿದಾಗ ತಪ್ಪಿತು. ಎಷ್ಟೋ ವರ್ಷ ತಿರುಗಿಸಿ ತಿರುಗಿಸಿ ಅದರ ಒಳಗಿನ ಹಲ್ಲು ಸವೆದಿತ್ತೋ ಏನೋ. "ಇದು ಈಗ ಪಿಸುಗುಟ್ಟುತ್ತದೆ, ಒಂದು ಟಿಕ್ ಎರಡಾಗಿ ಕೇಳ್ತದೆ, ಎರಡು ಒಂದಾಗಿ ಕೇಳ್ತದೆ," ಎಂದು ಚಿಕ್ಕಮ್ಮ ಮಗಳಿಗೆ ಫೋನಿನಲ್ಲಿ ಹೇಳಿದರು. ಮಗಳು ಉಜಿರೆಯಲ್ಲಿ ತನ್ನ ನೆರೆಮನೆಯವರ ಹತ್ತಿರ ಇದನ್ನು ಹೇಳಿಕೊಂಡಳು. ನೆರೆಮನೆಯವರು ಬ್ಯಾರಿಗಳು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು, ಬಹಳ ಹಿಂದಿನ ಪರಿಚಯ. ಅವರ ಅಳಿಯ ಗಲ್ಫಿನಲ್ಲಿ. ಆ ಮನೆಯ ಹೆಂಗಸು ಒಳಗೆ ಹೋಗಿ ಕಪಾಟಿನಿಂದ ಒಂದು ಪೆನ್ನು ತಂದು ಕೊಟ್ಟರು. ಮೊಮ್ಮಗಳಿಗಾಗಿ ಅಳಿಯ ತಂದದ್ದು, ಈಗ ಅವಳಿಗೆ ಬೇರೆ ಬಂದಿದೆ, ಇದು ಹಾಗೆಯೇ ಕೂತಿದೆ, ತೆಗೊಂಡು ಹೋಗು ಎಂದರು. ನಮ್ಮ ಕಡೆ ಗಲ್ಫಿನ ಸಾಮಾನು ಹೀಗೆ ಮನೆಯಿಂದ ಮನೆಗೆ ದಾಟುವುದು ಹೊಸತಲ್ಲ. ಟಾರ್ಚು, ನೋವಿನ ಎಣ್ಣೆ, ಕಂಬಳಿ ಎಲ್ಲ ಹಾಗೆಯೇ ಬಂದದ್ದು.

ಮಗಳು ಅಲ್ಲೇ ಅಂಗಳದಲ್ಲಿ ನಿಂತು ಗುಂಡಿ ತಿರುಗಿಸಿ ನೋಡಿದಳಂತೆ. ಎಂಥ ಸದ್ದು. ಬೆರಳಿನ ಗಂಟು ಮುರಿದ ಹಾಗೆ, ಒಂದೊಂದೂ ಬೇರೆ ಬೇರೆ. ಅಮ್ಮನಿಗೆ ಇದೇ ಸರಿ ಎಂದು ಆ ಕ್ಷಣವೇ ಅನ್ನಿಸಿತು. ಮದ್ದಿನ ಕೊಳವೆಯೂ ಅದೇ ಕಂಪೆನಿಯದ್ದು, ಸರಿಯಾಗಿ ಕೂತಿತು. ಹೊಸ ಸೂಜಿ ಹಾಕಿ, ಮೈ ಒರೆಸಿ ಮೂಡುಬಿದಿರೆಗೆ ತಂದು ಕೊಟ್ಟಳು. ಚಿಕ್ಕಮ್ಮನಿಗೆ ಎಷ್ಟು ಖುಷಿಯಾಯಿತು ಎಂದರೆ ಆ ದಿನ ನನಗೂ ಫೋನು ಮಾಡಿದರು.

"ಕೇಳು ಮಗಾ," ಎಂದು ಫೋನಿನ ಹತ್ತಿರವೇ ತಿರುಗಿಸಿದರು. ಬಂಟ್ವಾಳದಲ್ಲಿ ಕೂತ ನನಗೂ ಕೇಳಿಸಿತು. "ಗುಂಡಿಯೂ ಹಳೆಯದರ ಹಾಗೆ ಮೇಲೆ ಏರುವುದಿಲ್ಲ. ಹೆಬ್ಬೆರಳಿಗೆ ಹಿತ."

ಅದು ಜನವರಿಯಲ್ಲಿ. ಫೆಬ್ರವರಿಯಲ್ಲಿ ಶುಗರ್ ಏರತೊಡಗಿತು.

ಮೊದಲು ಯಾರೂ ಮಂಡೆಬೆಚ್ಚ ಮಾಡಿಕೊಳ್ಳಲಿಲ್ಲ. ಹದಿನಾಲ್ಕು ಯೂನಿಟ್ಟು ಇದ್ದ ಡೋಸನ್ನು ಡಾಕ್ಟರು ಹದಿನೆಂಟು ಮಾಡಿದರು. ಇಳಿಯಲಿಲ್ಲ. ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು, ಹೌದು ಎಂದರು ಚಿಕ್ಕಮ್ಮ. ಇಪ್ಪತ್ತನಾಲ್ಕು ಆಯಿತು. ಶುಗರ್ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಕಾಲಿನ ಹಿಮ್ಮಡಿಯ ಹತ್ತಿರ ಒಂದು ಸಣ್ಣ ಗಾಯ ಮಾಯದೆ ಉಳಿಯಿತು. ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಸಾರಿನ ಪಾತ್ರೆ ಎತ್ತುವಾಗ ತಲೆ ತಿರುಗಿ ಗೋಡೆ ಹಿಡಿದು ಕೂತರು. ಪಾತ್ರೆ ಬೀಳಲಿಲ್ಲ. ಬಿದ್ದಿದ್ದರೆ ಎಂದು ಯೋಚಿಸಿದವರು ನಾವು.

ಆಮೇಲೆ ಸಂಶಯ ಶುರುವಾಯಿತು. ಮಗಳ ಮಾತು ಒಂದೇ: ಅಮ್ಮ ಕದ್ದು ಸಿಹಿ ತಿನ್ನುತ್ತಾಳೆ. ಭಾನುವಾರ ಹುಡುಗರಿಗೆ ಪಾಯಸ, ಹಬ್ಬಕ್ಕೆ ಹೋಳಿಗೆ, ಇದೆಲ್ಲ ಮಾಡುವವಳು ರುಚಿ ನೋಡದೆ ಇರುತ್ತಾಳಾ? ಅಣ್ಣನ ಮಾತು ಇನ್ನೊಂದು: ಎಣಿಕೆ ತಪ್ಪುತ್ತಿದೆ, ಲಾಭ ಎನ್ನುವಲ್ಲೇ ಒಂದು ಹಾರಿಹೋಗುತ್ತಿರಬೇಕು. ದಿನಾ ಫೋನು. ಅಣ್ಣ ನನಗೆ, ನಾನು ಮಗಳಿಗೆ, ಮಗಳು ಚಿಕ್ಕಮ್ಮನಿಗೆ, ಚಿಕ್ಕಮ್ಮ ನನಗೆ. ನಾನು ಬಿ.ಸಿ. ರೋಡಿನ ಪೇಟೆಯಲ್ಲಿ ತರಕಾರಿ ತೆಗೆಯುವಾಗಲೂ ಕಿವಿಯಲ್ಲಿ ಫೋನು. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದರು, ಮೆಸ್ಸು ಖಾಲಿಯಾಯಿತು. ಆಗ ಅಣ್ಣ ಹೇಳಿದ.

"ನೀನು ಒಂದು ವಾರ ಅಲ್ಲಿ ಹೋಗಿ ಇರು. ಏನು ತಿಂತಾರೆ, ಹೇಗೆ ಚುಚ್ಚಿಕೊಳ್ತಾರೆ ನೋಡು. ಆಮೇಲೆ ನಾವು ಕೂತು ಮಾತಾಡುವ."

ಚಿಕ್ಕಮ್ಮನ ಮನೆಗೆ ನಾನು ಹೋಗದ ವರ್ಷವಿಲ್ಲ. ಆದರೆ ನೋಡಿಕೊಂಡು ಬಾ ಎಂದು ಕಳುಹಿಸಿಕೊಂಡು ಹೋದದ್ದು ಅದೇ ಮೊದಲು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೂ ಎರಡು ಸಲ ಸೀಟು ಬದಲಾಯಿಸಿದೆ.

ಆ ವಾರ ನನ್ನ ಕಿವಿಗೆ ಬೇರೆ ಕೆಲಸವಿರಲಿಲ್ಲ. ಬೆಳಿಗ್ಗೆ ಚಿಕ್ಕಮ್ಮ ಮುಖ ತೊಳೆದು, ಅಕ್ಕಿಯ ಡಬ್ಬಗಳಿದ್ದ ಕೋಣೆಗೆ ಹೋಗಿ, ಬೆನ್ನು ಹಾಕಿ ನಿಲ್ಲುತ್ತಿದ್ದರು. ನಾನು ಈಚೆ ಚಹಾದ ಲೋಟ ಹಿಡಿದುಕೊಂಡು ಉಸಿರು ಬಿಗಿಹಿಡಿದು ಎಣಿಸುತ್ತಿದ್ದೆ. ಟಿಕ್, ಟಿಕ್, ಟಿಕ್. ಇಪ್ಪತ್ತನಾಲ್ಕು. ಮರುದಿನವೂ ಇಪ್ಪತ್ತನಾಲ್ಕು. ಒತ್ತುವಾಗ ಇಳಿಯುವ ಸದ್ದು, ಕೊನೆಯ ಟಿಕ್, ಆಮೇಲೆ ತುಟಿಯಲ್ಲೇ ಹತ್ತರವರೆಗೆ ಎಣಿಕೆ. ಒಂದೂ ತಪ್ಪುತ್ತಿರಲಿಲ್ಲ. ಒಂದು ದಿನ ಬಾಗಿಲ ಹತ್ತಿರ ಹೋಗಿ, ನಾನೊಮ್ಮೆ ನೋಡಲಾ ಎಂದೆ.

ತಿರುಗಿಯೂ ನೋಡದೆ, "ಪರೀಕ್ಷೆ ತೆಗೊಳ್ಳಲಿಕ್ಕೆ ಬಂದದ್ದಾ ನೀನು?" ಅಂದರು. "ಹುಡುಗರ ಪರೀಕ್ಷೆ ಮುಗಿದದ್ದಕ್ಕೆ ನನ್ನದು ಶುರುವಾ?"

ನಾನು ಹಿಂದೆ ಬಂದೆ. ಚಹಾ ತಣ್ಣಗಾಗಿತ್ತು.

ಗುರುವಾರ ಸಂಜೆ ನನಗೆ ಇನ್ನೊಂದು ಕಂಡಿತು. ಮೇಲಿನ ಗೂಡಿನಲ್ಲಿ ಹುಡುಗನೊಬ್ಬನ ತಾಯಿ ಕಳಿಸಿದ್ದ ಬಾಳೆಹಣ್ಣಿನ ಹಲ್ವದ ಪೊಟ್ಟಣ. ಚಿಕ್ಕಮ್ಮ ನಾನು ಬಟ್ಟೆ ಒಣಗಿಸುತ್ತಿದ್ದೇನೆ ಎಂದುಕೊಂಡು ಒಂದು ತುಂಡು ಬಾಯಿಗೆ ಹಾಕಿ, ಮೆಲ್ಲ ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದ ಆ ಮುಖ ನೋಡಿ ನನಗೆ ನಗು ಬಂತು, ಒದ್ದೆ ಬಟ್ಟೆ ಹಿಡಿದುಕೊಂಡೇ ಸದ್ದಾಗದಂತೆ ಹಿಂದೆ ಸರಿದೆ. ಅದೇ ಸಂಜೆ ಅಂಗಳದ ತುದಿಯಿಂದ ತುದಿಗೆ ಸುತ್ತುತ್ತ ಮಗಳಿಗೆ ಫೋನಿನಲ್ಲಿ ಹೇಳಿದೆ. ಹೇಳದೆ ಇರುವುದೂ ಆಗಲಿಲ್ಲ. ಎಣಿಕೆ ಸರಿಯಿದೆ ಎಂದೂ ಹೇಳಿದೆ. ಅವಳಿಗೆ ಮೊದಲಿನದ್ದು ಮಾತ್ರ ಕೇಳಿಸಿತು.

"ಗೊತ್ತಿತ್ತು ಅಕ್ಕ ನನಗೆ. ಗೊತ್ತಿತ್ತು."

ಹಾಗೆ ಬಂದದ್ದು ಆ ಭಾನುವಾರ.

ದೋಸೆ ತಟ್ಟೆಗೆ ಬಿತ್ತು. ಚಿಕ್ಕಮ್ಮ ಇನ್ನೂ ಮದ್ದು ತೆಗೆದುಕೊಂಡಿರಲಿಲ್ಲ. ಏಳಲು ಹೊರಟಾಗ ಅಣ್ಣ ಕಿಸೆಯಿಂದ ಲಕೋಟೆ ತೆಗೆದ. ಒಳಗೆ ಹೊಸ ಪೆನ್ನು. ಅವರ ಹಳೆಯ ಪೆನ್ನಿನ ಜಾತಿಯದ್ದೇ, ಬಿ.ಸಿ. ರೋಡಿನಲ್ಲಿ ತೆಗೆದದ್ದು. ಮದ್ದಿನ ಕೊಳವೆಯನ್ನೂ ಅವನೇ ಹಾಕಿಕೊಂಡು ಬಂದಿದ್ದ.

"ಇವತ್ತಿನಿಂದ ಇದರಲ್ಲಿ, ಚಿಕ್ಕಮ್ಮ. ಅಂಕಿ ನಾನು ನೋಡ್ತೇನೆ. ಸದ್ದು ಗಿದ್ದು ಬೇಡ. ಬಂಟ್ವಾಳದಲ್ಲಿ ನಿಮ್ಮ ಸೊಸೆ ನೋಡಿ ಕೊಡ್ತಾಳೆ."

"ಬಂಟ್ವಾಳ ಎಲ್ಲಿಂದ ಬಂತು ಈಗ?"

"ಮಾತಾಡ್ಲಿಕ್ಕೆ ಅಂತಲೇ ಬಂದದ್ದಲ್ವಾ."

"ಮಾತಾಡುವ. ಅದಕ್ಕೆ ಮೊದಲು ತೀರ್ಮಾನ ಹೇಳ್ಬೇಡ."

ಬಾಗಿಲ ಹತ್ತಿರದಿಂದ ಮಗಳು ಬಾಯಿಬಿಟ್ಟಳು. "ಅಮ್ಮ, ಹಲ್ವ ತಿಂದಿದ್ದಿ ನೀನು. ಅಕ್ಕ ನೋಡಿದ್ದಾಳೆ."

ಚಿಕ್ಕಮ್ಮ ನನ್ನ ಕಡೆ ತಿರುಗಿದರು. ಅವರಿಗೆ ನಾನು ಒಂದು ಮಂಜಿನ ಮುದ್ದೆಯಾಗಿ ಕಾಣುತ್ತಿದ್ದೆ ಎಂದು ನನಗೆ ಗೊತ್ತು. ಆದರೂ ನಾನು ಸೀರೆಯ ಸೆರಗು ಸರಿ ಮಾಡಿಕೊಂಡೆ.

"ತಿಂದೆ," ಅಂದರು. "ಒಂದು ತುಂಡು. ಅದು ಚಂದ ಇತ್ತು."

"ಒಂದೇ ತುಂಡಾ?"

"ನೀನು ಎಣಿಸಿ ಇಟ್ಟಿದ್ರೆ ಎಣಿಸಿ ನೋಡು ಮಾರಾಯ್ತಿ."

ಅಣ್ಣ ಇಬ್ಬರ ನಡುವೆ ಕೈಯಾಡಿಸಿದ. ಮೊದಲು ಮದ್ದು, ತಿಂಡಿ ತಣ್ಣಗಾಗುತ್ತದೆ ಎಂದ. ಪೆನ್ನು ತಿರುಗಿಸಲು ಹೊರಟವನ ಕೈಯಿಂದ ಚಿಕ್ಕಮ್ಮ ಅದನ್ನು ತೆಗೆದುಕೊಂಡರು. "ನನ್ನ ಹೊಟ್ಟೆಗೆ ಚುಚ್ಚುವುದಾದ್ರೆ ನಾನೇ ತಿರುಗಿಸ್ತೇನೆ. ನೀನು ಬೇಕಾದ್ರೆ ನೋಡ್ತಾ ಇರು, ಸಿನೆಮಾ ನೋಡಿದ ಹಾಗೆ."

ದವಡೆಗೆ ಒತ್ತಿ ಹಿಡಿದು ತಿರುಗಿಸಿದರು. ಲಾಭ, ಎರಡು, ಮೂರು. ಕರೆಂಟಿಲ್ಲದ ಕೋಣೆಯಲ್ಲಿ ನಾವೆಲ್ಲ ಎಣಿಸುತ್ತಿದ್ದೆವು. ಇಪ್ಪತ್ತನಾಲ್ಕಕ್ಕೆ ನಿಂತಿತು. ಅಣ್ಣ ಬಗ್ಗಿ ಕಿಟಕಿ ನೋಡಿ, "ಇಪ್ಪತ್ತನಾಲ್ಕು, ಸಮ ಉಂಟು," ಎಂದ. ಅವನ ಸ್ವರದಲ್ಲಿ ಸ್ವಲ್ಪ ಆಶ್ಚರ್ಯ ಇತ್ತು. ಎಣಿಕೆ ತಪ್ಪಬೇಕೆಂದು ಅವನು ಕಾದಿದ್ದ.

ಚಿಕ್ಕಮ್ಮ ಸೂಜಿಯ ಮುಚ್ಚಳ ತೆಗೆದು, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳನ್ನು ಗುಂಡಿಯ ಮೇಲೆ ಇಡಲು ಹೋದರು. ಹೆಬ್ಬೆರಳು ಗಾಳಿಯಲ್ಲಿ ತಡಕಾಡಿತು. ಗುಂಡಿ ಅವರು ಅಂದುಕೊಂಡ ಜಾಗದಲ್ಲಿ ಇರಲಿಲ್ಲ, ಎಷ್ಟೋ ಮೇಲೆ ಇತ್ತು. ಹಿಡಿತ ಸಡಿಲಿಸಿ ಮತ್ತೆ ಹಿಡಿದರು. ಬೆರಳನ್ನು ಉದ್ದಕ್ಕೆ ಚಾಚಿ ಅದನ್ನು ಮುಟ್ಟಿ ನೋಡಿದರು. ಹಾಗೆಯೇ ಕೂತರು.

"ಚುಚ್ಚಿಕೊಳ್ಳಿ ಚಿಕ್ಕಮ್ಮ."

"ಇಲ್ಲ."

"ಎಂಥ ಇಲ್ಲ?"

"ಇಷ್ಟು ಏರುವುದಿಲ್ಲ ಅದು. ನಿನ್ನೆಯೂ ಇಪ್ಪತ್ತನಾಲ್ಕೇ. ನಿನ್ನೆ ನನ್ನ ಬೆರಳು ಇಷ್ಟು ದೂರ ಹೋಗ್ಲಿಲ್ಲ."

"ಅದು ಬೇರೆ ಪೆನ್ನು, ಇದು ಬೇರೆ ಪೆನ್ನು. ಒಂದೊಂದು ಒಂದೊಂದು ನಮೂನೆ."

"ಇದು ನನ್ನ ಹಳೆಯದರ ನಮೂನೆಯೇ ಅಲ್ವಾ? ಹಳೆಯದರಲ್ಲಿ ಹದಿನಾಲ್ಕಕ್ಕೆ ಇಲ್ಲಿಗೆ ಬರ್ತಿತ್ತು." ತೋರುಬೆರಳಿನ ಗಂಟನ್ನು ಮುಟ್ಟಿ ತೋರಿಸಿದರು. "ಇಷ್ಟು ಮದ್ದು ನಾನು ಯಾವತ್ತೂ ತೆಗೊಂಡದ್ದಿಲ್ಲ. ನೀನು ತಂದದ್ದು ಡೂಪ್ಲಿಕೇಟು."

ಅಣ್ಣನಿಗೆ ಅದು ನಾಟಿತು. ಬಿಲ್ಲು ಉಂಟು ಎಂದ. ಅಂಗಡಿಯವನು ಶಾಲೆಯಲ್ಲಿ ತನ್ನ ಜೊತೆ ಕಲಿತವನು ಎಂದ. ಡೋಸು ಏರಿದರೆ ಗುಂಡಿಯೂ ಏರುತ್ತದೆ, ಅದರಲ್ಲಿ ಆಶ್ಚರ್ಯ ಎಂಥದು ಎಂದ. ಮಗಳು, "ಅಮ್ಮನಿಗೆ ಬಂಟ್ವಾಳಕ್ಕೆ ಹೋಗ್ಲಿಕ್ಕೆ ಮನಸ್ಸಿಲ್ಲ, ಅದಕ್ಕೆ ಇದೆಲ್ಲ," ಎಂದಳು. ಚಿಕ್ಕಮ್ಮ ಸೂಜಿಗೆ ಮುಚ್ಚಳ ಹಾಕಿ ಪೆನ್ನನ್ನು ನೆಲದ ಮೇಲೆ ಇಟ್ಟರು. ಇಟ್ಟ ರೀತಿಯಲ್ಲಿ ಸಿಟ್ಟು ಇರಲಿಲ್ಲ. ಹೆದರಿಕೆ ಇತ್ತು. ಅವರ ಹೆಬ್ಬೆರಳು ಆಗಲೂ ಮತ್ತೆ ಮತ್ತೆ ತೋರುಬೆರಳಿನ ಗಂಟನ್ನು ಮುಟ್ಟಿ ಅಳೆಯುತ್ತಿದ್ದದ್ದನ್ನು ನಾನು ನೋಡಿದೆ. ಮೊಂಡುತನ ಮಾಡುವವರ ಕೈ ಹಾಗೆ ಇರುವುದಿಲ್ಲ.

ನಾನು ಡಬ್ಬಗಳ ಕೋಣೆಗೆ ಹೋಗಿ ಅವರ ಗಲ್ಫಿನ ಪೆನ್ನು ತಂದು ಕೈಗೆ ಕೊಟ್ಟೆ. "ಇದರಲ್ಲಿ ತಿರುಗಿಸಿ ಚಿಕ್ಕಮ್ಮ. ಚುಚ್ಚುವುದು ಬೇಡ. ಸುಮ್ಮನೆ ತಿರುಗಿಸಿ."

ತಿರುಗಿಸಿದರು. ಅದೇ ಗಟ್ಟಿ ಸದ್ದು. ಇಪ್ಪತ್ತನಾಲ್ಕು. ಎರಡನ್ನೂ ಕಿಟಕಿಯ ಬೆಳಕಿಗೆ ಪಕ್ಕಪಕ್ಕದಲ್ಲಿ ಹಿಡಿದೆ. ಒಂದರ ಗುಂಡಿ ಇಷ್ಟೆತ್ತರ, ಇನ್ನೊಂದರದ್ದು ಸುಮಾರು ಅದರ ಅರ್ಧ. ಕನ್ನಡಕವನ್ನು ಸೆರಗಿನಿಂದ ಒರೆಸಿ ಗಲ್ಫಿನ ಪೆನ್ನಿನ ಕಿಟಕಿಯನ್ನು ನೋಡಿದೆ.

ಹನ್ನೆರಡು.

ಮತ್ತೊಮ್ಮೆ ನೋಡಿದೆ. ಅಣ್ಣನ ಪೆನ್ನಿನಲ್ಲಿ ಎರಡು, ನಾಲ್ಕು, ಆರು ಎಂದು ಅಂಕಿ, ನಡುವೆ ಒಂದೊಂದು ಗೀಟು. ಇದರಲ್ಲಿಯೂ ಅಂಕಿ, ನಡುವೆ ಗೀಟು. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಆದರೆ ಇದರಲ್ಲಿ ಅಂಕಿಗಳು ಒಂದು, ಎರಡು, ಮೂರು. ಗೀಟು ಎಂದರೆ ಅರ್ಧ. ಒಂದು ಟಿಕ್ಕಿಗೆ ಅರ್ಧ ಮಾತ್ರ.

ಪೆನ್ನನ್ನು ಅಣ್ಣನ ಕೈಗೆ ಕೊಟ್ಟೆ. ಅವನು ನೋಡಿ ಮಗಳಿಗೆ ಕೊಟ್ಟ. ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಚೀಲವನ್ನು ಹೆಗಲಿನಿಂದ ಇಳಿಸಿ ನೆಲದ ಮೇಲೆ ಕೂತಳು.

"ಎಂಥದು, ಯಾರಾದ್ರೂ ಹೇಳಿ," ಅಂದರು ಚಿಕ್ಕಮ್ಮ. ಹೇಳಿದೆ. ಜನವರಿಯಿಂದ ಅವರು ಹದಿನಾಲ್ಕು ಎಂದುಕೊಂಡು ಏಳು ತೆಗೆದುಕೊಂಡಿದ್ದರು, ಇಪ್ಪತ್ತನಾಲ್ಕು ಎಂದುಕೊಂಡು ಹನ್ನೆರಡು.

ಮಗಳು ಉಜಿರೆಯ ನೆರೆಮನೆಗೆ ಫೋನು ಮಾಡಿದಳು. ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಆಚೆಯಿಂದ ಆ ಹೆಂಗಸಿನ ಸ್ವರ, ಹಿಂದೆ ಪಾತ್ರೆಗಳ ಸದ್ದು.

"ಹೌದಲ್ವಾ ಮಾರಾಯ್ತಿ, ಅದು ಮಕ್ಕಳದ್ದು. ಸಣ್ಣ ಮಕ್ಕಳಿಗೆ ಅರ್ಧ ಅರ್ಧ ಏರಿಸಿ ಕೊಡುವುದು. ನಮ್ಮ ಹುಡುಗಿ ಆಗ ಇಷ್ಟೇ ಇದ್ದಳಲ್ಲ. ನಿನ್ನ ಹತ್ತಿರ ಮೊಮ್ಮಗಳದ್ದು ಅಂತ ಹೇಳಿದ್ದೆ. ಏನಾಯ್ತು, ಅಮ್ಮನಿಗೆ ಏನಾದ್ರೂ ಆಯ್ತಾ?"

ಮಗಳು ಫೋನನ್ನು ಅಮ್ಮನ ಕಡೆಗೆ ಸರಿಸಿದಳು. ಮೊಮ್ಮಗಳದ್ದು ಎಂದು ಅವಳೂ ಕೇಳಿದ್ದಳು. ಅದು ಯಾರದ್ದು ಎಂದು ತಿಳಿದುಕೊಂಡಿದ್ದಳು, ಯಾರಿಗಾಗಿ ಮಾಡಿದ್ದು ಎಂದು ಯೋಚಿಸಿರಲಿಲ್ಲ. ಯಾರು ಯೋಚಿಸುತ್ತಾರೆ? ಚಿಕ್ಕಮ್ಮನೇ ಫೋನಿನ ಕಡೆಗೆ ಬಾಗಿ, "ಏನೂ ಆಗ್ಲಿಲ್ಲ, ನಾನು ಮಗುವಾದೆ ಅಷ್ಟೆ. ನಿಮ್ಮ ಪೆನ್ನು ಭಾರಿ ಒಳ್ಳೆಯದುಂಟು," ಎಂದರು. ಆಚೆಯವರು ನಕ್ಕರು. ಈಚೆ ಯಾರೂ ನಗಲಿಲ್ಲ.

ಆಮೇಲೆ ಡಾಕ್ಟರಿಗೆ. ಭಾನುವಾರವಾದರೂ ಎತ್ತಿದರು. ಅಣ್ಣ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಸ್ವರ ಸಣ್ಣದಾಗುತ್ತ ಹೋಯಿತು. ಅವನು ತಂದ ಪೆನ್ನಿನಲ್ಲಿ ಆ ದಿನ ಇಪ್ಪತ್ತನಾಲ್ಕು ಹೋಗಿದ್ದರೆ ಅದು ನಿಜವಾದ ಇಪ್ಪತ್ತನಾಲ್ಕು, ಹಿಂದಿನ ದಿನದ ಎರಡರಷ್ಟು; ಶುಗರ್ ಒಮ್ಮೆಗೇ ಕುಸಿದು ಪ್ರಜ್ಞೆಯೇ ತಪ್ಪಬಹುದಿತ್ತು. ಡಾಕ್ಟರು ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ಅಣ್ಣ, "ಹೌದು ಸಾರ್. ಚುಚ್ಚಿಲ್ಲ ಸಾರ್. ಅವರೇ ಬೇಡ ಅಂದ್ರು," ಎಂದು ಎರಡು ಸಲ ಹೇಳಿದ. ಫೋನು ಇಟ್ಟ ಮೇಲೆ ಅಂಗಳಕ್ಕೆ ಹೋಗಿ ಸ್ಕೂಟರಿನ ಸೀಟನ್ನು ಒರೆಸಿ ಬಂದ. ಅದರ ಮೇಲೆ ಧೂಳೇನೂ ಇರಲಿಲ್ಲ.

ಡಾಕ್ಟರು ಹೇಳಿದ ಹಾಗೆ ಹೊಸ ಪೆನ್ನಿನಲ್ಲಿ ಹದಿನಾಲ್ಕಕ್ಕೆ ಇಳಿಸಿಕೊಂಡು ಚಿಕ್ಕಮ್ಮ ತಾವೇ ಚುಚ್ಚಿಕೊಂಡರು. ಗುಂಡಿ ಅವರ ಬೆರಳು ಕಾದಿದ್ದ ಜಾಗದಲ್ಲೇ ಸಿಕ್ಕಿತು. ತಣ್ಣಗಾದ ದೋಸೆಯನ್ನು ಬೆಲ್ಲವಿಲ್ಲದೆ ತಿಂದರು. ನಾವೂ ತಿಂದೆವು. ಮಗಳು ಮಾತ್ರ ತಟ್ಟೆಯನ್ನು ಮುಂದೆ ಇಟ್ಟುಕೊಂಡು, "ಡೋಸು ಏರಿದ್ರೂ ಆ ಕೊಳವೆ ಬೇಗ ಮುಗಿಯುತ್ತಲೇ ಇರ್ಲಿಲ್ಲ. ನಾನೇ ತಂದು ಕೊಡುವವಳು, ನನಗೆ ಗೊತ್ತಾಗ್ಬೇಕಿತ್ತು," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಎಂದು ಬರೆಯಬೇಕೆಂದು ನನಗೂ ಆಸೆ. ಹಾಗಾಗಲಿಲ್ಲ. ಕೈ ತೊಳೆದು ಬಂದ ಅಣ್ಣ ಮತ್ತೆ ಅದೇ ಬೆಂಚಿನ ಮೇಲೆ ಕೂತ.

"ಪೆನ್ನಿನದ್ದು ಹೌದು. ಆದ್ರೆ ಕಣ್ಣು ಕಾಣುವುದಿಲ್ಲ ಅನ್ನುವುದು ಹಾಗೇ ಉಂಟಲ್ಲ ಚಿಕ್ಕಮ್ಮ. ಇವತ್ತು ಗೊತ್ತಾಯ್ತು. ಇನ್ನೊಂದು ದಿನ?"

"ಕಣ್ಣಿಲ್ಲ ಅಂತ ಹೇಳು, ಅದಕ್ಕೆ ಉತ್ತರ ಹುಡುಕ್ತೇನೆ," ಅಂದರು ಚಿಕ್ಕಮ್ಮ. "ಕದ್ದು ತಿಂತಾಳೆ, ಎಣಿಸ್ಲಿಕ್ಕೆ ಬರುವುದಿಲ್ಲ ಅಂತ ಇಷ್ಟು ದಿನ ಹೇಳಿದ್ದೀರಲ್ಲ, ಅದಕ್ಕೆ ಎಂಥ ಉತ್ತರ ಕೊಡ್ಲಿ?"

ಅಷ್ಟರಲ್ಲಿ ಕರೆಂಟು ಬಂದು ಫ್ಯಾನು ತಿರುಗಿತು, ತಟ್ಟೆಯ ಮೇಲಿನ ಬಾಳೆಲೆಯ ತುಂಡು ಹಾರಿ ಒಲೆಯ ಹತ್ತಿರ ಬಿತ್ತು. ತೀರ್ಮಾನವೇ ಆಗದೆ ಆ ಸಭೆ ಮುಗಿಯಿತು. ಅಣ್ಣ ಬಿಸಿಲಿಗೆ ಮೊದಲು ಹೊರಟ. ಮಗಳು ಹೊರಡುವಾಗ ಅಮ್ಮನ ಹತ್ತಿರ ಬಂದು ನಿಂತಳು, ಬಸ್ಸಿಗೆ ಹೊತ್ತಾಯಿತು ಎಂದು ಹೋದಳು. ಆಮೇಲೆ ಕೆಲವು ವಾರ ಅವಳ ಫೋನು ಬಂದದ್ದು ನನಗೆ, ಅಮ್ಮನಿಗಲ್ಲ. ಅಮ್ಮನ ಶುಗರ್ ಎಷ್ಟು ಎಂದು ನನ್ನ ಹತ್ತಿರ ಕೇಳುತ್ತಿದ್ದಳು. ನಾನು ಬಂಟ್ವಾಳದಿಂದ ಮೂಡುಬಿದಿರೆಗೆ ಫೋನು ಮಾಡಿ, ಕೇಳಿ, ತಿರುಗಿ ಉಜಿರೆಗೆ ಹೇಳುತ್ತಿದ್ದೆ. ಇಳಿಯುತ್ತಿತ್ತು. ಹಿಮ್ಮಡಿಯ ಗಾಯ ಒಣಗುತ್ತಿತ್ತು. ಆದರೂ ಫೋನು ಇಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನೇತ್ರಾವತಿಯ ಕಡೆಯ ರಸ್ತೆಯಲ್ಲಿ ಸುಮ್ಮನೆ ಸ್ವಲ್ಪ ದೂರ ನಡೆದು, ಏನು ತರಲು ಹೊರಟಿದ್ದೆ ಎಂದು ಮರೆತು ವಾಪಸು ಬರುತ್ತಿದ್ದೆ.

ಜೂನಿನಲ್ಲಿ ಕಾಲೇಜು ತೆರೆದ ವಾರ ಚಿಕ್ಕಮ್ಮ ಮೆಸ್ಸು ತೆರೆದರು. ಮಧ್ಯಾಹ್ನದ ಊಟ ಮಾತ್ರ, ರಾತ್ರಿಯದ್ದು ಇಲ್ಲ ಎಂದು ಅವರೇ ನಿಶ್ಚಯ ಮಾಡಿದ್ದರು. ಬಿಸಿ ಪಾತ್ರೆ ಇಳಿಸಲು, ಬೆಳಿಗ್ಗೆ ಪೆನ್ನಿನ ಅಂಕಿ ಓದಿ ಹೇಳಲು ವೇಣೂರಿನ ಕಡೆಯ ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡರು. ಅಣ್ಣ ಬರಲಿಲ್ಲ, ಎರಡು ಗೋಣಿ ಕುಚ್ಚಲಕ್ಕಿ ಕಳುಹಿಸಿದ. ಮೊದಲ ಗುರುವಾರ ನಾನು ಅಲ್ಲಿದ್ದೆ. ಊಟದ ಗದ್ದಲದ ನಡುವೆ ಮಗಳು ಬಂದಳು, ಮಳೆಯಲ್ಲಿ ಅರ್ಧ ನೆನೆದಿದ್ದಳು. ಹುಡುಗರ ಸಾಲಿನ ಕೊನೆಯಲ್ಲಿ ಜಾಗ ಮಾಡಿಕೊಂಡು ಕೂತಳು. ಚಿಕ್ಕಮ್ಮ ಸಾಲಿನ ಉದ್ದಕ್ಕೂ ಒಂದೊಂದು ಸೌಟು ಬಡಿಸುತ್ತ ಬಂದು, ಅವಳ ಹತ್ತಿರ ಬಂದಾಗ, ಯಾರು ಎಂದು ಕೇಳದೆ, ಅನ್ನದ ಮೇಲೆ ಎರಡು ಸೌಟು ಹುರುಳಿ ಸಾರು ಹಾಕಿದರು. ಅವಳು ಉಂಡು, ತಟ್ಟೆ ತೊಳೆದು, ಉಳಿದ ತಟ್ಟೆಗಳನ್ನೂ ತೊಳೆದಿಟ್ಟು, ಸಂಜೆಯ ಬಸ್ಸಿಗೆ ಉಜಿರೆಗೆ ಹೋದಳು.